ಮೊದಲು ಕಾದಂಬರಿ, ಆಮೇಲೆ ಭಾಷಣ

ಕಾದಂಬರಿಗಾರ್ತಿ ತ್ರಿವೇಣಿಯವರ ಕುರಿತ ಉಪನ್ಯಾಸವೆಂದರೆ ಸಾಮಾನ್ಯವಾಗಿ ಅರ್ಧ ಹೊತ್ತು ಅವರ ಸಾವಿಗೇ ಹೋಗುತ್ತದೆ. 1928ರಲ್ಲಿ ಹುಟ್ಟಿದ ಅವರು 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಸಂಕಟದ ಮಾತೇ ಸರಿ. ಉಳಿದರ್ಧ ಹೊತ್ತು ಪುಟ್ಟಣ್ಣ ಕಣಗಾಲರ ‘ಶರಪಂಜರ’ ಚಿತ್ರಕ್ಕೆ, ಕಲ್ಪನಾ ಅವರ ಅಭಿನಯಕ್ಕೆ. ಆ ಚಿತ್ರಕ್ಕೆ ಮೂಲವಾದ ಅವರ ಕಾದಂಬರಿಯಲ್ಲಿ, ನಾಯಕಿ ಕಾವೇರಿಯು ಆಸ್ಪತ್ರೆಯಲ್ಲಿ ಗುಣವಾಗಿ ಬಂದಮೇಲೂ ಅವಳನ್ನು ಹುಚ್ಚಿಯೆಂದೇ ನೋಡುವ ಮನೆಯನ್ನು ಮನಶ್ಶಾಸ್ತ್ರ ಓದಿದ್ದ ಲೇಖಕಿ ಹೇಗೆ ಕಟ್ಟಿದರು ಎಂಬುದು ಚರ್ಚೆಗೇ ಬರುವುದಿಲ್ಲ.

ಎಂ.ಕೆ. ಇಂದಿರಾ ಅವರ ಪಾಡೂ ಇದೇ. ಹನ್ನೆರಡಕ್ಕೆ ಮದುವೆ, ನಲವತ್ತು ದಾಟಿದ ಮೇಲೆ ಕಾದಂಬರಿ ಬರವಣಿಗೆ: ಭಾಷಣಕ್ಕೆ ಇಷ್ಟು ಸಾಕಾಗಿಬಿಡುತ್ತದೆ. ಆದರೆ 1976ರ ‘ಫಣಿಯಮ್ಮ’ ಓದಿದವರಿಗೆ ಜಗಳವಾಡಲು ಎಷ್ಟೊಂದಿದೆ! ಬಾಲವಿಧವೆ ಫಣಿಯಮ್ಮ ತನ್ನ ಮಡಿ, ಒಪ್ಪೊತ್ತು ಬಿಡುವುದಿಲ್ಲ. ಆದರೂ ಕೆಳಜಾತಿಯ ಹೆಂಗಸು ಹೆರಿಗೆಯಲ್ಲಿ ಒದ್ದಾಡುವಾಗ ಹೋಗಿ ಕೈಯೊಡ್ಡುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದ ವಿಧವೆ ದಾಕ್ಷಾಯಿಣಿಯ ಪರ ನಿಲ್ಲುತ್ತಾಳೆ. ಇವಳು ಬಂಡಾಯಗಾರ್ತಿಯೋ, ಸಂಪ್ರದಾಯಸ್ಥಳೋ? ನೆರೆದವರು ಎರಡು ಬಣವಾಗಲಿ. ಹಾಗಾದರೇ ಅದು ಪುಸ್ತಕ ಚರ್ಚೆ.

ಆಂಧ್ರದ ಗಡಿಯ ರಾಯದುರ್ಗ, ಮಡಕಶಿರಾ ಕಡೆಗೆ ‘ಮೊದಲು ಕಾದಂಬರಿ’ ಎಂಬ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ಆಂಧ್ರಕ್ಕೆ ಹೋಯಿತು. ಅನಂತಪುರಕ್ಕೇ ಸೇರಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮನೆಮಾತು ಕನ್ನಡ, ಓದಿದ್ದು ತೆಲುಗು: ಇಂಥವರು ಇಲ್ಲಿ ಕಡಿಮೆಯೇನಿಲ್ಲ. ಕನ್ನಡವನ್ನು ಕಿವಿಯಿಂದ ಬಲ್ಲ ಅವರೆದುರು ಲೇಖಕಿಯನ್ನು ಹೊಗಳಿ ಏನು ಪ್ರಯೋಜನ? ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿದರೆ ಕಾದಂಬರಿಯೇ ಅವರಿಗೆ ಸಿಗುತ್ತದೆ.

ಎರಡು ನುಡಿಯ ಓದುಗರು ಕೂಡುವ ಜಾಗಕ್ಕೆ ಒಂದು ದೊಡ್ಡ ಅನುಕೂಲವೂ ಇದೆ. ‘ಫಣಿಯಮ್ಮ’ನ ಪಕ್ಕದಲ್ಲೇ ರಂಗನಾಯಕಮ್ಮನವರ ತೆಲುಗು ಕಾದಂಬರಿ ‘ಬಲಿಪೀಠಂ’ ಇಟ್ಟು ಮಾತಾಡಬಹುದು. ಅಲ್ಲಿ ಸಾವಿನ ಅಂಚಿನಲ್ಲಿರುವ ಬ್ರಾಹ್ಮಣ ವಿಧವೆ ಅರುಣಾ ಮುತ್ತೈದೆಯಾಗಿ ಸಾಯಬೇಕೆಂಬ ಆಸೆಯಿಂದ ದಲಿತ ಯುವಕ ಭಾಸ್ಕರನನ್ನು ಮದುವೆಯಾಗುತ್ತಾಳೆ. ಬದುಕಿ ಉಳಿದಮೇಲೆ ಅವಳೊಳಗಿನ ಜಾತಿ ತಲೆಯೆತ್ತುತ್ತದೆ. ಒಬ್ಬಳು ಮಡಿಯೊಳಗಿದ್ದೇ ಜಾತಿಯ ಗೆರೆ ದಾಟಿದಳು, ಇನ್ನೊಬ್ಬಳು ಮದುವೆಯಾಗಿಯೂ ದಾಟಲಿಲ್ಲ. ಎರಡನ್ನೂ ಮೂಲದಲ್ಲೇ ಸವಿಯಬಲ್ಲ ಜನ ಬೆಂಗಳೂರಿಗಿಂತ ಮಡಕಶಿರಾದಲ್ಲಿ ಸುಲಭವಾಗಿ ಸಿಗುತ್ತಾರೆ.

ಸಂಘಟಕರಲ್ಲಿ ಕೇಳಿಕೊಳ್ಳುವುದಿಷ್ಟೇ: ಹಾರ, ಶಾಲು, ಸ್ವಾಗತ ಭಾಷಣಕ್ಕೆ ಮೀಸಲಿಟ್ಟ ಹೊತ್ತನ್ನು ಹತ್ತು ಪುಟಗಳ ಓದಿಗೆ ಕೊಡಿ, ಪುಸ್ತಕದ ನಾಲ್ಕಾರು ಪ್ರತಿಗಳನ್ನು ತಿಂಗಳು ಮೊದಲೇ ಊರಿನ ಹೆಣ್ಣುಮಕ್ಕಳ ಕೈಗೆ ತಲುಪಿಸಿ, ಸಭೆಯಲ್ಲಿ ಮೊದಲ ಮಾತು ಅವರೇ ಆಡಲಿ.