ಮಡಕೆಯ ಮುದ್ರೆಯೂ ನಕ್ಷತ್ರದ ಚೀಟಿಯೂ

ಪರಿಸರಸ್ನೇಹಿ ಎಂಬ ಮುದ್ರೆಯನ್ನು ಕಂಡು ಯಾರಾದರೂ ಸಾಮಾನು ಕೊಳ್ಳುತ್ತಾರೆಯೇ? ದಿನಸಿ ಅಂಗಡಿ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟು, ಉತ್ತರವನ್ನೂ ತಾವೇ ಕೊಟ್ಟರು: "ಯಾರೂ ಇಲ್ಲ ಸಾರ್, ಜನ ನೋಡುವುದು ಬೆಲೆಯನ್ನು ಮಾತ್ರ." ಅವರ ಅನುಭವವನ್ನು ನಾನು ಅಲ್ಲಗಳೆಯಲಾರೆ. ಆದರೆ ಅದರಿಂದ ಅವರು ತೆಗೆದ ತೀರ್ಮಾನವನ್ನು ಒಪ್ಪಲಾರೆ.

ಆತ್ಮೀಯರೇ, ನಿಮ್ಮಲ್ಲಿ ಎಷ್ಟು ಮಂದಿ 'ಇಕೋಮಾರ್ಕ್' ಎಂಬ ಹೆಸರನ್ನು ಕೇಳಿದ್ದೀರಿ? 1991ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಈ ಯೋಜನೆಯನ್ನು ಜಾರಿಗೆ ತಂದಿತು. ಸಾಬೂನು, ಕಾಗದ, ಬಣ್ಣ, ಬ್ಯಾಟರಿ, ಪ್ಲಾಸ್ಟಿಕ್ ಮೊದಲಾದ ನಿತ್ಯೋಪಯೋಗಿ ವಸ್ತುಗಳ ಪೈಕಿ ಪರಿಸರಕ್ಕೆ ಕಡಿಮೆ ಹಾನಿ ಮಾಡುವಂಥವಕ್ಕೆ ಒಂದು ಮಣ್ಣಿನ ಮಡಕೆಯ ಮುದ್ರೆಯನ್ನು ಒತ್ತುವುದೆಂದು ನಿರ್ಧಾರವಾಯಿತು. ಮಣ್ಣಿನಿಂದ ಹುಟ್ಟಿ ಮಣ್ಣಿಗೇ ಮರಳುವ ಮಡಕೆಗಿಂತ ಅರ್ಥಪೂರ್ಣವಾದ ಚಿಹ್ನೆ ನಮ್ಮ ದೇಶಕ್ಕೆ ಬೇರೆ ಯಾವುದಿದ್ದೀತು? ಜರ್ಮನಿಯಲ್ಲಿ 1978ರಲ್ಲಿ ಆರಂಭವಾದ 'ಬ್ಲೂ ಏಂಜೆಲ್' ಮುದ್ರೆ ಇಂದಿಗೂ ಅಲ್ಲಿನ ಮನೆಮಾತು. ನಮ್ಮ ಮಡಕೆಯಾದರೋ ಯಾರ ಕಣ್ಣಿಗೂ ಬೀಳದೆ ಉಳಿಯಿತು. ಕಾರಣ ಸರಳ. ಮುದ್ರೆ ಪಡೆಯುವುದು ತಯಾರಕರ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಬಯಸಿದವರು ಗುಣಮಟ್ಟದ ಪರೀಕ್ಷೆಯಲ್ಲೂ ಪರಿಸರದ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕಿತ್ತು. ಬೆರಳೆಣಿಕೆಯಷ್ಟು ತಯಾರಕರು ಮಾತ್ರ ಮುಂದೆ ಬಂದರು. ಅಂಗಡಿಯ ಕಪಾಟಿನಲ್ಲಿಯೇ ಇಲ್ಲದ ಮುದ್ರೆಯನ್ನು ಗ್ರಾಹಕ ಕಡೆಗಣಿಸಿದನೆಂದು ದೂರುವುದು ಯಾವ ನ್ಯಾಯ? 2024ರಲ್ಲಿ ಆ ಹಳೆಯ ಯೋಜನೆಯ ಸ್ಥಾನದಲ್ಲಿ ಹೊಸ ನಿಯಮಗಳು ಬಂದಿವೆ. ಆದರೆ ಮುದ್ರೆ ಪಡೆಯುವುದು ಈಗಲೂ ತಯಾರಕರ ಇಚ್ಛೆಯೇ.

ಇದೇ ದೇಶದ, ಇದೇ ಗ್ರಾಹಕರು ಇನ್ನೊಂದು ಚೀಟಿಯನ್ನು ಎಷ್ಟು ಆಸ್ಥೆಯಿಂದ ನೋಡುತ್ತಾರೆಂಬುದನ್ನು ಗಮನಿಸಿ. 2006ರಲ್ಲಿ ವಿದ್ಯುತ್ ಉಪಕರಣಗಳಿಗೆ ನಕ್ಷತ್ರಗಳ ಶ್ರೇಣಿ ಬಂತು. 2010ರಿಂದ ಹವಾನಿಯಂತ್ರಕ ಹಾಗೂ ಫ್ರಾಸ್ಟ್-ಫ್ರೀ ರೆಫ್ರಿಜರೇಟರುಗಳಿಗೆ ಅದು ಕಡ್ಡಾಯವಾಯಿತು. ಇಂದು ಫ್ರಿಜ್ ಕೊಳ್ಳಲು ಹೋದ ಗೃಹಿಣಿ "ಎಷ್ಟು ಸ್ಟಾರು?" ಎಂದು ಕೇಳದೆ ಇರುವುದು ಅಪರೂಪ. ಅವಳಿಗೆ ಭೂಮಿಯ ತಾಪದ ಚಿಂತೆಗಿಂತ ತಿಂಗಳ ಕೊನೆಯ ಕರೆಂಟು ಬಿಲ್ಲಿನ ಚಿಂತೆ ಹೆಚ್ಚಿರಬಹುದು. ಇದ್ದರೇನು? ಉಳಿದ ವಿದ್ಯುತ್ತು ಉಳಿದಂತೆಯೇ. ಉದ್ದೇಶ ಶುದ್ಧವಾಗಿರಲಿ ಎಂದು ಹಟ ಹಿಡಿಯುವುದು ಉಪದೇಶಕರ ಚಾಳಿ. (ಮೇಷ್ಟರುಗಳಿಗೂ ಅದು ತುಸು ಹೆಚ್ಚೇ.)

ಆಹಾರದ ಪೊಟ್ಟಣಗಳ ಮೇಲೆ ಕಾಣುವ ಹಸಿರು ಬೊಟ್ಟನ್ನೂ ನೆನೆಯಿರಿ. ಅಕ್ಷರ ಬಾರದ ಅಜ್ಜಿಯೂ ಅದನ್ನು ಹುಡುಕಿ ನೋಡುತ್ತಾಳೆ. ಅದು ಅವಳ ಸ್ವಂತ ಆಚಾರಕ್ಕೆ ಸಂಬಂಧಿಸಿದ್ದು. ಮಿಗಿಲಾಗಿ, ಹಸಿರು ಬೊಟ್ಟೋ ಕಂದು ಚಿಹ್ನೆಯೋ ಒಂದಲ್ಲ ಒಂದು ಪೊಟ್ಟಣದ ಮೇಲೆ ಇದ್ದೇ ಇರುತ್ತದೆ. ಒಳ್ಳೆಯದಕ್ಕೆ ಮಾತ್ರ ಪದಕ ಕೊಟ್ಟು, ಕೆಟ್ಟದ್ದರ ಮೈಮೇಲೆ ಏನನ್ನೂ ಬರೆಯದಿದ್ದರೆ ಹೋಲಿಕೆ ಹೇಗೆ ಸಾಧ್ಯ?

ಕಷ್ಟವಿರುವುದು ಬಟ್ಟೆ ಒಗೆಯುವ ಪುಡಿಯಂತಹ ವಸ್ತುಗಳಲ್ಲಿ. ಅದರ ಲಾಭ ನಮ್ಮ ಬಕೆಟ್ಟಿನಲ್ಲಿ, ಹಾನಿ ಮಾತ್ರ ಊರಾಚೆಯ ನೀರಿನಲ್ಲಿ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರ ಮೇ ತಿಂಗಳಿನಲ್ಲಿ ಬೆಂಕಿ ಹತ್ತಿಕೊಂಡದ್ದನ್ನು ನೀವೆಲ್ಲ ಓದಿದ್ದೀರಿ. ಆ ನೊರೆಯಲ್ಲಿ ಲಕ್ಷಾಂತರ ಮನೆಗಳ ಮಾರ್ಜಕದ ಪಾಲಿತ್ತು. ಶುದ್ಧೀಕರಣವಿಲ್ಲದೆ ಕೊಳಚೆಯನ್ನು ಕೆರೆಗೆ ಹರಿಸಿದ್ದು ಅದಕ್ಕಿಂತ ದೊಡ್ಡ ತಪ್ಪು, ನಿಜ. ಆದರೂ ಹತ್ತು ರೂಪಾಯಿ ಹೆಚ್ಚು ಕೊಟ್ಟು ಮಡಕೆಯ ಮುದ್ರೆಯ ಪುಡಿಯನ್ನೇ ಕೊಳ್ಳಿರೆಂದು ಒಬ್ಬ ಗೃಹಿಣಿಗೆ ಹೇಳಿ, ನೆರೆಮನೆಯವರೆಲ್ಲ ಅಗ್ಗದ್ದನ್ನೇ ಸುರಿಯುತ್ತಿದ್ದರೆ ಕೆರೆಗೆ ಬಂದ ಭಾಗ್ಯವೇನು? ಇಲ್ಲಿ ಚೀಟಿಯ ಶಕ್ತಿ ಮುಗಿಯಿತು, ಕಾನೂನಿನ ಕೆಲಸ ಮೊದಲಾಯಿತು ಎಂದೇ ನನ್ನ ಅಭಿಪ್ರಾಯ. ಹಾನಿಕಾರಕ ವಸ್ತುವನ್ನು ಕಾರ್ಖಾನೆಯಲ್ಲಿಯೇ ತಡೆಯಬೇಕಲ್ಲದೆ, ಕೊಳ್ಳುವವರ ಧರ್ಮಬುದ್ಧಿಯ ಮೇಲೆ ಆ ಭಾರವನ್ನು ಹೊರಿಸಬಾರದು.

ಇನ್ನು ಎಲೆಯ ಚಿತ್ರ ಬರೆದು 'ನೈಸರ್ಗಿಕ', 'ಹಸಿರು' ಎಂದು ತಮ್ಮನ್ನು ತಾವೇ ಹೊಗಳಿಕೊಳ್ಳುವ ಪೊಟ್ಟಣಗಳು. ಇವುಗಳಿಂದಾಗಿ ನಿಜವಾದ ಮುದ್ರೆಗಳ ಮೇಲೂ ಜನರಿಗೆ ನಂಬಿಕೆ ಉಳಿಯುವುದಿಲ್ಲ. ಇಂತಹ ಹೇಳಿಕೆಗಳಿಗೆ ಆಧಾರ ಒದಗಿಸಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ತಡವಾಯಿತು, ಆದರೂ ಬೇಕಾಗಿತ್ತು.

ನಕ್ಷತ್ರಗಳನ್ನಾದರೂ ಕಣ್ಣುಮುಚ್ಚಿ ನಂಬಬೇಡಿ. ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತದೆ. 2022ರ ಜುಲೈಯಲ್ಲಿ ಹವಾನಿಯಂತ್ರಕಗಳ ಶ್ರೇಣಿ ಪರಿಷ್ಕರಣೆಯಾದಾಗ ಐದು ನಕ್ಷತ್ರದ್ದು ನಾಲ್ಕಕ್ಕೆ ಇಳಿಯಿತು. ಆದ್ದರಿಂದ ಚೀಟಿಯ ಮೇಲಿನ ವರ್ಷವನ್ನೂ ನೋಡಿ. ಐದು ನಕ್ಷತ್ರದ ದೊಡ್ಡ ಫ್ರಿಜ್ಜು ಮೂರು ನಕ್ಷತ್ರದ ಚಿಕ್ಕದ್ದಕ್ಕಿಂತ ಹೆಚ್ಚು ವಿದ್ಯುತ್ ನುಂಗಲೂಬಹುದು. ವರ್ಷಕ್ಕೆ ಎಷ್ಟು ಯೂನಿಟ್ಟು ಎಂಬುದು ಅದೇ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಕನ್ನಡಕ ಹಾಕಿಕೊಂಡು ಅದನ್ನೂ ಓದಿಯೇ ಹಣ ಕೊಡಿ.