ಹದ್ದು ಕರಗಿ ರೂಪಾಯಿ ಆದ ಕಥೆ

ಕಳೆದ ತಿಂಗಳು ಧಾರವಾಡದಿಂದ ಅಕ್ಕನ ಫೋನ್ ಬಂತು. "ಅಜ್ಜಿ ಡಬ್ಬ್ಯಾಗಿನ ಬೆಳ್ಳಿ ರೂಪಾಯಿ ಸುಮ್ನ ಬಿದ್ದಾವಲ್ಲೋ. ಕರಗಿಸಿ ಮಗಳ ಲಗ್ನಕ್ಕ ಒಂದು ಆರತಿ ತಾಟು ಮಾಡಸೋಣು ಅಂತ ವಿಚಾರ ಮಾಡೇನಿ. ನೀ ಏನಂತಿ?"

ನಮ್ಮ ಮನೆಯಲ್ಲಿ ನಾಣ್ಯದ ಹುಚ್ಚು ಇರುವುದು ನನಗೊಬ್ಬನಿಗೇ. ಅದಕ್ಕೇ ಕೇಳಿದ್ದಳು. "ಎರಡ ದಿನ ತಡಿ ಅಕ್ಕಾ" ಅಂದೆ.

ಆ ರಾತ್ರಿ ಠಾಣೆಯ ನಮ್ಮ ಫ್ಲ್ಯಾಟಿನಲ್ಲಿ ಎಲ್ಲರೂ ಮಲಗಿದ ಮೇಲೆ ನನ್ನ ಪೆಟ್ಟಿಗೆ ತೆಗೆದು ಕೂತೆ. ಅದರಲ್ಲಿರುವುದು ನಮ್ಮ ರೂಪಾಯಿಗಳಲ್ಲ, ಅಮೆರಿಕದ ಹಳೆಯ ಬೆಳ್ಳಿ ಡಾಲರ್‌ಗಳು. ಕೆಲವು ವರ್ಷಗಳ ಹಿಂದೆ ಹತ್ತು ತಿಂಗಳು ಡೆನ್ವರ್‌ನಲ್ಲಿ ಆನ್‌ಸೈಟ್ ಇದ್ದಾಗ, ಉಳಿದವರು ಶನಿವಾರ ಮಾಲ್‌ಗೆ ಹೋದರೆ ನಾನು ಒಂದು ನಾಣ್ಯದ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿ ಅಂಟಿಕೊಂಡ ಚಟ ಇದು.

ಇವಕ್ಕೆ ಮಾರ್ಗನ್ ಡಾಲರ್ ಎಂದು ಹೆಸರು. ವಿನ್ಯಾಸ ಮಾಡಿದ ಜಾರ್ಜ್ ಮಾರ್ಗನ್‌ನ ಹೆಸರೇ ನಾಣ್ಯಕ್ಕೂ ಬಂತು. ಒಂದು ಬದಿ ಲಿಬರ್ಟಿಯ ಮುಖ, ಇನ್ನೊಂದು ಬದಿ ರೆಕ್ಕೆ ಬಿಚ್ಚಿ ನಿಂತ ಹದ್ದು. ತೂಕ 26.73 ಗ್ರಾಂ, ಅಗಲ 38.1 ಮಿಲಿಮೀಟರ್. ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿ, ಒಂದು ಪಾಲು ತಾಮ್ರ. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಟಂಕಿಸಿದರು.

ಇಷ್ಟೊಂದು ಡಾಲರ್ ಜನರಿಗೆ ಬೇಕಿತ್ತೇ? ಇರಲಿಲ್ಲ. ನೆವಾಡಾದ ಗಣಿಗಳಲ್ಲಿ ಬೆಳ್ಳಿ ಧಾರಾಳವಾಗಿ ಸಿಕ್ಕಿತ್ತು, ಗಣಿಯವರ ಕೈ ರಾಜಕೀಯದಲ್ಲಿ ಉದ್ದವಿತ್ತು. ಸರ್ಕಾರ ಪ್ರತಿ ತಿಂಗಳು 20ರಿಂದ 40 ಲಕ್ಷ ಡಾಲರ್ ಬೆಲೆಯ ಬೆಳ್ಳಿ ಕೊಂಡು ನಾಣ್ಯ ಮಾಡಲೇಬೇಕು ಎಂದು 1878ರಲ್ಲಿ ಕಾಯ್ದೆಯೇ ಆಯಿತು. ಆದರೆ ಇಷ್ಟು ಭಾರದ್ದನ್ನು ಜೇಬಿನಲ್ಲಿ ಹೊತ್ತು ತಿರುಗುವವರು ಯಾರು? ಜನ ಕಾಗದದ ನೋಟು ಹಿಡಿದರು. ಡಾಲರ್‌ಗಳು ಸಾವಿರ ಸಾವಿರದ ಚೀಲಗಳಲ್ಲಿ ಖಜಾನೆಯ ನೆಲಮಾಳಿಗೆ ಸೇರಿದವು.

ಇಲ್ಲಿಂದ ಕಥೆ ನಮ್ಮ ಮುಂಬೈಗೆ ಬರುತ್ತದೆ.

1918. ಮೊದಲ ಮಹಾಯುದ್ಧ ನಡೆದಿತ್ತು. ಬೆಳ್ಳಿಯ ಬೆಲೆ ಏರಿತ್ತು. ನಮ್ಮ ಜನ ಬೆಳ್ಳಿ ರೂಪಾಯಿಯನ್ನು ಕೈಬಿಡದೆ ಹೂತಿಡತೊಡಗಿದರು. ನೋಟು ಇದ್ದವರು "ಇದು ಬೇಡ, ರೂಪಾಯಿ ಕೊಡಿ" ಎಂದು ಮುಗಿಬಿದ್ದರು. ಕೊಡಲು ಸರ್ಕಾರದ ಬಳಿ ಬೆಳ್ಳಿ ಮುಗಿಯುತ್ತ ಬಂದಿತ್ತು. ನೋಟಿಗೆ ರೂಪಾಯಿ ಕೊಡಲಾಗದೆ ಹೋದರೆ ಯುದ್ಧದ ಮಧ್ಯೆ ಇಲ್ಲಿನ ಆಡಳಿತದ ಮಾನ ಹೋಗುತ್ತಿತ್ತು. ಬ್ರಿಟಿಷರು ಅಮೆರಿಕದ ಮೊರೆಹೋದರು. ಆ ವರ್ಷದ ಏಪ್ರಿಲ್‌ನಲ್ಲಿ ಪಿಟ್‌ಮನ್ ಕಾಯ್ದೆ ಬಂತು: 35 ಕೋಟಿ ಬೆಳ್ಳಿ ಡಾಲರ್‌ಗಳವರೆಗೂ ಕರಗಿಸಲು ಅನುಮತಿ. ಕೊನೆಗೆ ಕರಗಿದ್ದು 27 ಕೋಟಿಗೂ ಸ್ವಲ್ಪ ಹೆಚ್ಚು. ಅದರ ಬಹುಪಾಲು ಬೆಳ್ಳಿ ಗಟ್ಟಿಯಾಗಿ ಹಡಗು ಹತ್ತಿ ಭಾರತಕ್ಕೆ ಬಂದು, ಬಾಂಬೆ ಮತ್ತು ಕಲ್ಕತ್ತೆಯ ಟಂಕಸಾಲೆಗಳಲ್ಲಿ ಐದನೇ ಜಾರ್ಜನ ತಲೆಯ ರೂಪಾಯಿ ಆಯಿತು. ಫೋರ್ಟ್‌ನಲ್ಲಿ ಆ ಟಂಕಸಾಲೆ ಇಂದಿಗೂ ಇದೆ. ನಮ್ಮಲ್ಲಿ ಎಷ್ಟೋ ಜನ ದಿನಾ ಅದರ ಮುಂದೆಯೇ ಬಸ್ಸಿನಲ್ಲಿ ಹೋಗುತ್ತೇವೆ.

ನಾಣ್ಯ ಕೂಡಿಸುವವರಿಗೆ ಇದರಲ್ಲಿ ತಲೆನೋವಿನ ವಿಷಯ ಒಂದಿದೆ. ಯಾವ ಇಸವಿಯ, ಯಾವ ಟಂಕಸಾಲೆಯ ಡಾಲರ್ ಎಷ್ಟು ಕರಗಿತು ಎಂದು ಯಾರೂ ಬರೆದಿಡಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಲಾಗ್ ಇಲ್ಲದೆ, ಬ್ಯಾಕಪ್ ಇಲ್ಲದೆ 27 ಕೋಟಿ ದಾಖಲೆ ಡಿಲೀಟ್ ಹೊಡೆದರು. ಹಾಗಾಗಿ ಎಷ್ಟು ಟಂಕಿಸಿದರು ಎಂಬ ಲೆಕ್ಕ ಇದ್ದರೂ ಎಷ್ಟು ಉಳಿದಿವೆ ಎಂಬುದು ಅಂದಾಜೇ.

ಆ ಅಂದಾಜು ಎಷ್ಟು ಕೈಕೊಡಬಹುದು ಎಂಬುದಕ್ಕೆ 1903ರ ನ್ಯೂ ಆರ್ಲಿಯನ್ಸ್ ಡಾಲರ್ ಸಾಕ್ಷಿ. ಟಂಕಿಸಿದ್ದು 44 ಲಕ್ಷಕ್ಕೂ ಹೆಚ್ಚು, ಆದರೆ ಕಣ್ಣಿಗೆ ಬೀಳುತ್ತಿದ್ದುದು ಬೆರಳೆಣಿಕೆ. ಎಲ್ಲ ಕರಗಿಹೋಗಿವೆ ಎಂದು ನಂಬಿ, ಬಳಸದ ಒಂದು ನಾಣ್ಯಕ್ಕೆ ಸಾವಿರ ಡಾಲರ್‌ಗೂ ಮೇಲೆ ಬೆಲೆ ಕಟ್ಟಿದ್ದರು. 1962ರ ಕೊನೆಯಲ್ಲಿ ಖಜಾನೆಯಿಂದ ಅದೇ ನಾಣ್ಯದ ಚೀಲಗಳು ಹೊರಬಂದವು. ಬೆಲೆ ನೆಲಕ್ಕೆ ಬಿತ್ತು. ನಾಣ್ಯ ಬದಲಾಗಿರಲಿಲ್ಲ, ಜನರಿಗೆ ಗೊತ್ತಿದ್ದದ್ದು ಬದಲಾಗಿತ್ತು.

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ನಾನು ಕಲಿತದ್ದು ಇಷ್ಟು.

ಮೊದಲು ಬೆಳ್ಳಿ. ಒಂದು ಮಾರ್ಗನ್ ಡಾಲರ್‌ನಲ್ಲಿ ಶುದ್ಧ ಬೆಳ್ಳಿ ಸುಮಾರು 24.06 ಗ್ರಾಂ. ಅದನ್ನು ಇಂದಿನ ದರದಿಂದ ಗುಣಿಸಿದರೆ ತಳದ ಬೆಲೆ ಸಿಕ್ಕಿತು. ಅದಕ್ಕಿಂತ ಕೆಳಗೆ ಯಾರಾದರೂ ಮಾರುತ್ತಿದ್ದರೆ ಖುಷಿಪಡಬೇಡಿ, ಅನುಮಾನಪಡಿ.

ಎರಡನೆಯದು ಇಸವಿ ಮತ್ತು ಅಕ್ಷರ. ಹದ್ದಿನ ಕೆಳಗೆ ಪುಟ್ಟ ಅಕ್ಷರವಿರುತ್ತದೆ: ಎಸ್ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ, ಓ ಎಂದರೆ ನ್ಯೂ ಆರ್ಲಿಯನ್ಸ್, ಸಿಸಿ ಎಂದರೆ ನೆವಾಡಾದ ಕಾರ್ಸನ್ ಸಿಟಿ. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. 1921ರಲ್ಲಿ 8 ಕೋಟಿಗೂ ಹೆಚ್ಚು ಟಂಕಿಸಿದ್ದರಿಂದ ಅವು ಎಲ್ಲೆಲ್ಲೂ ಸಿಗುತ್ತವೆ. 1893ರ ಎಸ್ ಬರೀ ಒಂದು ಲಕ್ಷ. ಅದಕ್ಕೇ ಬೇರೆ ನಾಣ್ಯಕ್ಕೆ ಎಸ್ ಅಂಟಿಸಿ ಮಾರುವ ಕಳ್ಳರೂ ಇದ್ದಾರೆ.

ಮೂರನೆಯದು ಸ್ಥಿತಿ. ಒಂದರಿಂದ 70ರವರೆಗೆ ಅಂಕ ಕೊಡುತ್ತಾರೆ; 60 ದಾಟಿದರೆ ಚಲಾವಣೆಯಲ್ಲಿ ಸವೆಯದ ನಾಣ್ಯ.

ಈ ಮೂರನೆಯ ಪಾಠಕ್ಕೆ ನಾನು ಫೀಜು ಕಟ್ಟಿದ್ದೇನೆ. ಡೆನ್ವರ್‌ನಲ್ಲಿ ಕೊಂಡ 1883ರ ಸಿಸಿ ನಾಣ್ಯ ನನ್ನ ಹೆಮ್ಮೆ. ಅಂಚಿನಲ್ಲಿ ಕಾಲ ಕಳೆದು ಬಂದ ಹೊನ್ನು ಬಣ್ಣದ ಕಪ್ಪು ಛಾಯೆ. ದೀಪಾವಳಿಗೆ ಅವ್ವ ಬಂದಿದ್ದಳು. ಲಕ್ಷ್ಮೀಪೂಜೆಗೆ ಬೆಳ್ಳಿ ಕೇಳಿದಳು, ಇದನ್ನೇ ಕೊಟ್ಟು ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ದೇವರ ಮುಂದೆ ಕನ್ನಡಿಯಂತೆ ಹೊಳೆಯುತ್ತಿದೆ! ಹುಣಸೆಹಣ್ಣು, ಆಮೇಲೆ ವಿಭೂತಿ. "ಎಷ್ಟ ಕರ್ರಗ ಆಗಿತ್ತೋ! ಲಕ್ಷ್ಮೀ ಮುಂದ ಹಂಗ ಇಡ್ತಾರೇನು?" ಫೋರ್ಟ್‌ನ ಪರಿಚಯದ ವ್ಯಾಪಾರಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ಗೀರುಗಳನ್ನು ನೋಡಿ, ಕೊಂಡ ಬೆಲೆಯ ಅರ್ಧವೂ ಬರುವುದಿಲ್ಲ ಅಂದ. ಅವ್ವನಿಗೆ ಇದನ್ನು ಹೇಳಿಲ್ಲ. ಅವಳ ಲೆಕ್ಕದಲ್ಲಿ ನಾಣ್ಯ ಅಂದೇ ಚೊಕ್ಕ ಆದದ್ದು. ನೀವು ಮಾತ್ರ ಹಳೆಯ ನಾಣ್ಯವನ್ನು ತೊಳೆಯಬೇಡಿ, ತಿಕ್ಕಬೇಡಿ. ಅಂಚು ಹಿಡಿದು ಎತ್ತಿ, ಅಂಚು ಹಿಡಿದು ಇಡಿ.

ನಕಲಿ ಹಿಡಿಯಲು ಅಡುಗೆಮನೆ ಸಾಕು. ಅಯಸ್ಕಾಂತಕ್ಕೆ ಅಂಟಿದರೆ ಬೆಳ್ಳಿಯಲ್ಲ. ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ತಳಕ್ಕೆ ತಾಗದಂತೆ ಮುಳುಗಿಸಿ. ತಕ್ಕಡಿ ಸುಮಾರು 2.6 ಗ್ರಾಂ ತೋರಿಸಬೇಕು. ಅಮೆರಿಕದಲ್ಲಿರುವ ಬಂಧುಗಳು ಚಿಲ್ಲರೆ ಡಬ್ಬಿ ತಂದುಕೊಟ್ಟರೆ 1964 ಮತ್ತು ಅದಕ್ಕೂ ಹಿಂದಿನ ಡೈಮ್, ಕ್ವಾರ್ಟರ್, ಹಾಫ್ ಡಾಲರ್‌ಗಳನ್ನು ಬೇರೆ ತೆಗೆದಿಡಿ. ಅವೂ 90 ಪಾಲು ಬೆಳ್ಳಿ. ಅಂಚಿನಲ್ಲಿ ತಾಮ್ರದ ಗೆರೆ ಕಂಡರೆ ಆಮೇಲಿನವು.

ಎರಡು ದಿನ ಕಳೆದು ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಒಟ್ಟು 23 ರೂಪಾಯಿ. ಒಂದೊಂದನ್ನೇ ಕ್ಯಾಮೆರಾಕ್ಕೆ ಹಿಡಿದಳು. ಏಳಕ್ಕೆ ಕೊಂಡಿ ಬೆಸೆದಿತ್ತು, ಅಜ್ಜಿಯ ಸರದವು. ಉಳಿದವುಗಳಲ್ಲಿ ಆರು 1918ರವು. ಹಿಂಬದಿಯಲ್ಲಿ ಕೆಳಗಿನ ಹೂವಿನಡಿ ಚುಕ್ಕೆ ಹುಡುಕು ಅಂದೆ, ಇದ್ದರೆ ಬಾಂಬೆ. ನಾಲ್ಕರಲ್ಲಿ ಇತ್ತು.

ಹದ್ದಿನ ಕಥೆ ಹೇಳಿದೆ. ಒಂದು ಡಾಲರ್‌ನ ಬೆಳ್ಳಿಯಲ್ಲಿ ಎರಡೂಕಾಲು ರೂಪಾಯಿ ಆಗುತ್ತದೆ ಎಂಬ ಲೆಕ್ಕವನ್ನೂ ಹೇಳಿದೆ. "ಹಂಗಾರ ಇದರಾಗ ಅಮೆರಿಕಾದ ಬೆಳ್ಳಿ ಐತೇನು?" ಅಂದಳು. ಇರಬಹುದು, ಆಣೆ ಮಾಡಲಾರೆ. ಕರಗಿದ ಬೆಳ್ಳಿಗೆ ಊರಿಲ್ಲ. "ಭಾಳ ರೊಕ್ಕ ಬರ್ತದೇನು?" ಇಲ್ಲ ಅಂದೆ. 1918ರ ರೂಪಾಯಿ ಅಪರೂಪವೇನಲ್ಲ, ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು ಸಿಕ್ಕರೆ ಪುಣ್ಯ. ಸುಳ್ಳು ಹೇಳಿ ಉಳಿಸಿಕೊಳ್ಳಬಹುದಿತ್ತು. ಆದರೆ ಅಜ್ಜಿಯ ಬೆಳ್ಳಿ ನನ್ನೊಬ್ಬನದಲ್ಲ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೊಂಡಿ ಇದ್ದ ಏಳನ್ನು ಒಂದು ಕಡೆ ಸರಿಸಿದಳು. ಕೊಂಡಿ ಬೆಸೆದದ್ದಕ್ಕೆ ಕೂಡಿಸುವವರು ಬೆಲೆ ಕೊಡುವುದಿಲ್ಲ, ಅವು ತಾಟಿಗೆ. ಕಡಿಮೆ ಬೀಳುವ ಬೆಳ್ಳಿ ಸೋದರಮಾವನದು. ಉಳಿದ 16 ಮತ್ತೆ ಡಬ್ಬಿಗೆ.

ಮದುವೆಯಾಗಿ ನ್ಯೂಜೆರ್ಸಿಗೆ ಹೊರಟಿರುವ ಸೊಸೆಗೆ 1918ರದ್ದೊಂದು ಬೇಕಂತೆ. ಆಗುವುದಿಲ್ಲ ಅನ್ನಬೇಕಾಯಿತು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು, ದೇಶದ ಹೊರಗೆ ಒಯ್ಯುವಂತಿಲ್ಲ. ತಾಟು ಒಯ್ಯಬಹುದು. ಏಳು ರೂಪಾಯಿ ಕರಗಿದ ಬೆಳ್ಳಿ ಮುಂದಿನ ತಿಂಗಳು ಅಮೆರಿಕಕ್ಕೆ ಹೋಗುತ್ತದೆ. ಹುಣಸೆಹಣ್ಣು ಹಚ್ಚಿ ಎಷ್ಟು ಬೇಕಾದರೂ ತಿಕ್ಕಿಕೋ ಎಂದು ಹೇಳಿದ್ದೇನೆ.