ಬೋರ್‌ವೆಲ್ ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ?

ನೀರನ್ನು ಚೆನ್ನಾಗಿ ಕುದಿಸಿದರೆ ಫ್ಲೋರೈಡ್ ಸೇರಿ ಎಲ್ಲ ಕೆಟ್ಟ ಅಂಶವೂ ಹೋಗುತ್ತದೆ ಎನ್ನುವ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತವೆ. ಫ್ರೀಜರಿನಲ್ಲಿಟ್ಟು ಮಂಜುಗಡ್ಡೆ ಮಾಡಿ, ಪಟಿಕ ಹಾಕಿ ಎನ್ನುವ ಸಲಹೆಗಳೂ ಜೊತೆಗಿರುತ್ತವೆ. ಇದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ನಂಬಿದರೆ ಮಕ್ಕಳ ಹಲ್ಲು, ಮೂಳೆಗೆ ತೊಂದರೆ.

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂಥ ಊರುಗಳಿಗೆ ಇದು ದಿನನಿತ್ಯದ ಪ್ರಶ್ನೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಜನ ಬೋರ್‌ವೆಲ್ಲನ್ನು ನೆಚ್ಚಿಕೊಂಡಿದ್ದಾರೆ. ವಿಜಯಪುರ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಆವಿಯಾಗುವುದು ನೀರು ಮಾತ್ರ

ಮಣ್ಣಿನ ಗಡಿಗೆಯ ಹೊರಮೈ ಮೇಲೆ ಕೆಲವು ದಿನಗಳಲ್ಲಿ ಬಿಳಿ ಪುಡಿ ಮೂಡುವುದನ್ನು ನೀವು ನೋಡಿರಬಹುದು. ಗಡಿಗೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಳ್ಳುತ್ತದೆ, ಅದಕ್ಕೇ ಒಳಗಿನ ನೀರು ತಂಪು. ಆದರೆ ನೀರಿನಲ್ಲಿ ಕರಗಿದ್ದ ಲವಣಗಳು ಆವಿಯಾಗುವುದಿಲ್ಲ, ಹೊರಮೈಗೆ ಅಂಟಿಕೊಳ್ಳುತ್ತವೆ.

ಒಲೆಯ ಮೇಲೂ ಆಗುವುದು ಇದೇ. ಒಂದು ಲೆಕ್ಕ ನೋಡಿ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 5 ಲೀಟರ್ ನೀರಿನಲ್ಲಿ ಒಟ್ಟು 10 ಮಿಲಿಗ್ರಾಂ ಇರುತ್ತದೆ. ಕುದಿಸಿ 4 ಲೀಟರಿಗೆ ಇಳಿಸಿದರೆ ಫ್ಲೋರೈಡ್ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಅಂದರೆ ಲೀಟರಿಗೆ ಸುಮಾರು 2.5 ಮಿಲಿಗ್ರಾಂ ಆಯಿತು. ಹೆಚ್ಚು ಕುದಿಸಿದಷ್ಟೂ ನೀರು ಇನ್ನಷ್ಟು ಗಾಢವಾಗುತ್ತದೆ. ನೈಟ್ರೇಟಿನ ಕಥೆಯೂ ಇದೇ.

ಹಾಗಾದರೆ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರ ಏನು? ಅದು ಬಹುಪಾಲು ಸುಣ್ಣದ ಅಂಶ. ಬಿಸಿಯಾದಾಗ ಗಡಸು ನೀರಿನ ಒಂದು ಭಾಗ ಹೀಗೆ ಬೇರ್ಪಡುತ್ತದೆ. ಅದನ್ನು ಕಂಡು ಫ್ಲೋರೈಡ್ ಹೋಯಿತು ಎಂದುಕೊಳ್ಳಬೇಡಿ.

ಮಂಜುಗಡ್ಡೆ, ಪಟಿಕದಿಂದ ಆಗುತ್ತದೆಯೇ?

ನೀರು ಗಟ್ಟಿಯಾಗುವಾಗ ಲವಣಗಳನ್ನು ಹೊರಗೆ ತಳ್ಳುವುದು ನಿಜ. ಆದರೆ ಫ್ರೀಜರಿನಲ್ಲಿ ಪೂರ್ತಿ ಗಟ್ಟಿಯಾದಾಗ ಅವು ಗಡ್ಡೆಯೊಳಗೇ ಸಿಕ್ಕಿಬೀಳುತ್ತವೆ. ಕರಗಿಸಿದರೆ ಮೊದಲಿನ ನೀರೇ ಸಿಗುತ್ತದೆ. ಹಲವು ರೋಗಾಣುಗಳೂ ಹೆಪ್ಪುಗಟ್ಟಿದ ನೀರಿನಲ್ಲಿ ಸಾಯದೆ ಉಳಿಯುತ್ತವೆ. ಇನ್ನು ಗಾಜಿನ ಬಾಟಲಿಯನ್ನು ತುಂಬಿ ಇಡಬೇಡಿ, ನೀರು ಗಟ್ಟಿಯಾದಾಗ ಸುಮಾರು ಶೇ 9ರಷ್ಟು ಹಿಗ್ಗಿ ಬಾಟಲಿ ಒಡೆಯುತ್ತದೆ.

ಚಿಟಿಕೆ ಪಟಿಕ ತೇಲುವ ಕೆಸರನ್ನು ತಳಕ್ಕೆ ಇಳಿಸುತ್ತದೆ, ಕರಗಿದ್ದನ್ನಲ್ಲ. ಪಟಿಕ ಬಳಸಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿದೆ. ಆದರೆ ಅಲ್ಲಿ ನೀರು ಪರೀಕ್ಷಿಸಿ, ಲೆಕ್ಕ ಹಾಕಿದ ಪ್ರಮಾಣದಲ್ಲಿ ಪಟಿಕ ಮತ್ತು ಸುಣ್ಣ ಸೇರಿಸಬೇಕು. ಅಂದಾಜಿನ ಮೇಲೆ ಮಾಡುವಂಥದ್ದಲ್ಲ.

ಏಕೆ ಎಚ್ಚರ ಬೇಕು?

ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳು ಹೆಚ್ಚು ಫ್ಲೋರೈಡ್ ಕುಡಿದರೆ ಹಲ್ಲಿನ ಮೇಲೆ ಬಿಳಿ, ಕಂದು ಕಲೆಗಳು ಉಳಿಯುತ್ತವೆ. ಪ್ರಮಾಣ ಬಹಳ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸವಳಿಲ್ಲದ ನೀರಿನಲ್ಲೂ ಅದು ಇರಬಹುದು.

ಹಾಗಾದರೆ ಏನು ಮಾಡಬೇಕು?

* ಕುದಿಸುವುದನ್ನು ಬಿಡಬೇಡಿ. ವಾಂತಿಭೇದಿ ತರುವ ರೋಗಾಣುಗಳು ಅದರಿಂದ ಸಾಯುತ್ತವೆ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು.
* ಒಂದೊಂದು ಬೋರಿನ ನೀರು ಒಂದೊಂದು ಥರ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ನಿಮ್ಮ ನೀರನ್ನು ಪರೀಕ್ಷೆ ಮಾಡಿಸಿ.
* ಟಿಡಿಎಸ್ ಮೀಟರ್ ತೋರಿಸುವುದು ಕರಗಿದ ಲವಣಗಳ ಒಟ್ಟು ಅಂದಾಜು. ಅದರಲ್ಲಿ ಫ್ಲೋರೈಡ್ ಎಷ್ಟೆಂದು ಹೇಳುವುದಿಲ್ಲ.
* ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲು ಮತ್ತು ಅಡುಗೆಗೆ ಸುಸ್ಥಿತಿಯಲ್ಲಿರುವ ಆರ್‌ಒ ಘಟಕದ ನೀರು ಅಥವಾ ಸ್ವಚ್ಛವಾಗಿ ಸಂಗ್ರಹಿಸಿ ಕುದಿಸಿದ ಮಳೆನೀರು ಬಳಸಿ. ಸ್ನಾನಕ್ಕೆ, ಬಟ್ಟೆ ಒಗೆಯಲು ಬೋರಿನ ನೀರು ಆದೀತು.

ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಮುಂದಿನ ಬಾರಿ ಆ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಬದಲು ಈ ಒಂದು ಸಾಲು ಕಳಿಸಿ.